ಹುಳುವಿಗೂ ಒಬ್ಬ ತಾಯಿ

ಚೀನೀ ಪಂಚಾಂಗದ ಎರಡನೇ ತಿಂಗಳಲ್ಲಿ ಒಂದು ಮೂ ನೆಲವನ್ನು, ನಮ್ಮ ಲೆಕ್ಕದಲ್ಲಿ ಆರೇಳು ಗುಂಟೆಯನ್ನು, ಉತ್ತು ಹದ ಮಾಡಬೇಕು. ಜಿಗುಟು ನವಣೆಯ ಗಂಜಿ ಕಾಯಿಸಿ ಅದರ ಮೇಲೆ ಚೆಲ್ಲಬೇಕು. ಹಸಿ ಹುಲ್ಲು ಕೊಯ್ದು ತಂದು ಹೊದಿಸಬೇಕು. ಬಿಳಿ ಹುಳುಗಳು ತಾವಾಗಿಯೇ ಹುಟ್ಟುತ್ತವೆ. ಆಗ ಹಳದಿ ಬಣ್ಣದ ಹತ್ತು ಹೇಂಟೆ, ಒಂದು ಹುಂಜ ಕೊಂಡು ತಂದು ಬಿಡಬೇಕು.

ಇದು ಸುಮಾರು ಒಂದೂವರೆ ಸಾವಿರ ವರ್ಷ ಹಳೆಯ ಕೋಳಿ ಸಾಕಣೆಯ ಪಾಠ. ಉತ್ತರ ಚೀನಾದಲ್ಲಿ ಅಧಿಕಾರಿಯಾಗಿದ್ದ ಜಿಯಾ ಸಿಷಿಯೆ 6ನೇ ಶತಮಾನದ ಮೊದಲರ್ಧದಲ್ಲಿ ಬರೆದ ‘ಛಿಮಿನ್ ಯಾವ್‌ಷು’ ಎಂಬ ಕೃಷಿಗ್ರಂಥದಲ್ಲಿ ಇದು ಸಿಗುತ್ತದೆ. 92 ಅಧ್ಯಾಯಗಳ ಆ ಗ್ರಂಥದಲ್ಲಿ ಕೋಳಿಗೆಂದೇ ಒಂದು ಅಧ್ಯಾಯವಿದೆ. ಈ ವಿಧಾನವನ್ನು ಜಿಯಾ ತನಗಿಂತ ಹಿಂದಿನ, ಈಗ ಕಳೆದುಹೋಗಿರುವ ಒಂದು ಪುಸ್ತಕದಿಂದ ಎತ್ತಿಕೊಂಡಿದ್ದಾನೆ. ಹಾಗಾಗಿ ರೂಢಿ ಅವನಿಗಿಂತಲೂ ಹಳೆಯದು. ಕೋಳಿಗಳು ರಾತ್ರಿ ಕೂರಲು ಸೂರಿನ ಕೆಳಗೆ ತಟ್ಟಿ ತೂಗುಹಾಕುವುದು, ಬೇಸಿಗೆಯ ನಡುಹಗಲಿನಲ್ಲಿ ನೆರಳಿಗೆ ಬರಲು ಮನೆ ಕಟ್ಟುವುದು, ಮರಿಗಳ ಮೇಲೆ ಕಾಗೆ ಎರಗದಂತೆ ತೋಟದಲ್ಲಿ ಪುಟ್ಟ ಗೂಡು ಮಾಡುವುದು, ಎಲ್ಲವೂ ಅಲ್ಲಿದೆ. ಕೋಳಿ ಸಾಕಿದವರೇ ಬರೆಯಬಹುದಾದ ಮಾತುಗಳು ಇವು.

ಆ ಪಾಠದಲ್ಲಿ ಕಣ್ಣು ನಿಲ್ಲುವುದು ‘ತಾವಾಗಿಯೇ’ ಎಂಬ ಮಾತಿನ ಮೇಲೆ. ಗಂಜಿ ಹುಳಿಯಿತು, ಹುಲ್ಲು ಕೊಳೆಯಿತು, ಹುಳು ಹುಟ್ಟಿತು. ಅದಕ್ಕೊಂದು ಮೊಟ್ಟೆ, ಮೊಟ್ಟೆಗೊಂದು ತಾಯಿ ಇರಬೇಕೆಂಬ ಯೋಚನೆ ಬರೆದವನಿಗೆ ಬಂದಂತಿಲ್ಲ. ಅವನೊಬ್ಬನೇ ಏನಲ್ಲ. ಗ್ರೀಕರ ಅರಿಸ್ಟಾಟಲ್ ಕೊಳೆತದ್ದರಲ್ಲಿ ಹುಳು ತಾನಾಗಿ ಹುಟ್ಟುತ್ತದೆಂದೇ ನಂಬಿದ್ದ. ನಮ್ಮಲ್ಲಿ ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸಿದವರು ಬೆವರು, ತೇವ, ಸೆಕೆಯಿಂದ ಹುಟ್ಟುವುದು ಎಂಬ ಲೆಕ್ಕದಲ್ಲಿ ಕ್ರಿಮಿಕೀಟಗಳನ್ನು ಸ್ವೇದಜಗಳ ಪಾಲಿಗೆ ಬಿಟ್ಟರು. ಹಕ್ಕಿ, ಹಾವು, ಮೀನುಗಳಿಗೆ ಸಿಕ್ಕ ‘ಅಂಡಜ’ ಎಂಬ ಮಾನ ತಿಪ್ಪೆಯ ಹುಳುವಿಗೆ ಸಿಗಲಿಲ್ಲ.

ಕಸ ಕೊಟ್ಟು ಹುಳು ಬೆಳೆಸಿ, ಆ ಹುಳುವನ್ನು ಕೋಳಿಗೂ ಮೀನಿಗೂ ಉಣಿಸುವ ಕಸುಬು ಇಂದು ಜಗತ್ತಿನಾದ್ಯಂತ ಹೊಸ ಉದ್ಯಮವೆಂದು ಹೆಸರು ಮಾಡಿದೆ. ಕಸುಬು ಹಳೆಯದು. ಹೊಸದಾಗಿ ಬಂದದ್ದು ಹುಳುವಿನ ತಾಯಿಯ ಪರಿಚಯ. ಆ ತಾಯಿಯನ್ನು ಹುಡುಕಿ, ಗುರುತು ಹಿಡಿದು, ಮನೆಯೊಳಗೆ ಕರೆತಂದು, ಅಲ್ಲೇ ಸಂಸಾರ ಹೂಡುವಂತೆ ಮಾಡಲು ಮನುಷ್ಯರಿಗೆ ಒಂದೂವರೆ ಸಾವಿರ ವರ್ಷ ಹಿಡಿಯಿತು.

ದಕ್ಷಿಣ ಫ್ರಾನ್ಸಿನ ವಿವಾರೆ ಸೀಮೆಯಲ್ಲಿ ಒಲಿವಿಯೇ ದ ಸೆರ್ ಎಂಬ ಜಮೀನುದಾರನಿದ್ದ. ಹುಟ್ಟಿದ್ದು 1539ರಲ್ಲಿ, ತೀರಿಕೊಂಡದ್ದು 1619ರಲ್ಲಿ. ಧರ್ಮದ ಹೆಸರಿನ ಕಾಳಗಗಳು ದೇಶವನ್ನು ಸುಡುತ್ತಿದ್ದಾಗ ಲ ಪ್ರಾಡೆಲ್ ಎಂಬ ತನ್ನ ಜಮೀನಿನಲ್ಲಿ ಕಾಲುವೆ ತೋಡಿ, ಬೆಳೆ ಬದಲಿಸಿ ನೋಡಿ, ಕಂಡದ್ದನ್ನೆಲ್ಲ ಬರೆದಿಟ್ಟುಕೊಂಡ ಮನುಷ್ಯ. 1600ರಲ್ಲಿ ಅಚ್ಚಾದ ಅವನ ‘ತೆಯಾತ್ರ್ ದಗ್ರಿಕುಲ್ತ್ಯೂರ್’ ಕೃಷಿಯ ದೊಡ್ಡ ಗ್ರಂಥ. ಕೋಳಿಗೆ ಹುಳು ಬೆಳೆಸುವ ಗುಂಡಿಯೊಂದರ ವಿವರ ಅದರಲ್ಲಿದೆ. ಫ್ರೆಂಚರು ಅದನ್ನು ‘ವೆರ್ಮಿನಿಯೇರ್’ ಎಂದು ಕರೆದರು. ‘ಹುಳದ ಗುಂಡಿ’ ಎನ್ನಬಹುದು.

ಆ ಗುಂಡಿಯನ್ನು ಹತ್ತಿರದಿಂದ ನೋಡಬೇಕು. ನೀರು ನಿಲ್ಲದ ಜಾಗದಲ್ಲಿ ತೋಡಿ ಸುತ್ತ ಗೋಡೆ ಕಟ್ಟುತ್ತಾರೆ. ತಳಕ್ಕೆ ಕತ್ತರಿಸಿದ ರೈ ಹುಲ್ಲು. ಅದರ ಮೇಲೆ ಕುದುರೆಯ ಹಸಿ ಲದ್ದಿ. ಮೇಲೆ ಜರಡಿ ಹಿಡಿದ ಮಣ್ಣು. ಮಣ್ಣಿನ ಮೇಲೆ ಎತ್ತಿನ ರಕ್ತ, ದ್ರಾಕ್ಷಿ ಹಿಂಡಿದ ಚರಟ, ಓಟ್ಸ್, ಗೋಧಿಯ ತೌಡು ಕಲಸಿದ್ದು. ಮತ್ತೆ ಹುಲ್ಲು, ಮತ್ತೆ ಲದ್ದಿ. ನಡುವೆ ಕುರಿಮೇಕೆಗಳ ಕರುಳು. ಗುಂಡಿ ತುಂಬಿದ ಮೇಲೆ ಮುಳ್ಳಿನ ಕೊಂಬೆಗಳನ್ನು ಒತ್ತಾಗಿ ಹೊದಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರುತ್ತಾರೆ. ಕೋಳಿಗಳು ಮೊದಲೇ ನುಗ್ಗಿ ಕೆದಕದಿರಲೆಂದು ಆ ಮುಳ್ಳು. ಮಳೆ ಬಿದ್ದು ಒಳಗೆಲ್ಲ ಕೊಳೆತು ಹುಳು ಮಿಜಿಮಿಜಿ ಎನ್ನತೊಡಗಿದಾಗ ಗೋಡೆಯ ಒಂದು ಕಡೆ ಬಿಡಿಕಲ್ಲು ಜೋಡಿಸಿ ಮುಚ್ಚಿದ್ದ ಬಾಯಿ ತೆರೆಯುತ್ತಾರೆ. ದಿನಾ ಬೆಳಿಗ್ಗೆ ಆಳೊಬ್ಬ ಮೂರು ನಾಲ್ಕು ಸಲಿಕೆ ತೆಗೆದು ಅಂಗಳಕ್ಕೆ ಸುರಿದರೆ ಕೋಳಿಗಳಿಗೆ ಅಂದಿನ ಊಟ. ಕೋಳಿ ಕೆದಕಿ ಬಿಟ್ಟದ್ದು ಗೊಬ್ಬರದ ರಾಶಿಗೆ. ಒಂದು ಗುಂಡಿ ಬರಿದಾಗುವಷ್ಟರಲ್ಲಿ ಇನ್ನೊಂದು ಹದಕ್ಕೆ ಬಂದಿರಬೇಕು. ಮುಂದಿನ ಎರಡು ಶತಮಾನ ಫ್ರಾನ್ಸಿನ ಕೃಷಿಪುಸ್ತಕಗಳು ಈ ಗುಂಡಿಯನ್ನು ಮತ್ತೆ ಮತ್ತೆ ವರ್ಣಿಸಿದವು.

ಕರ್ನಾಟಕದ ಓದುಗರಿಗೆ ಈ ಒಲಿವಿಯೇ ಇನ್ನೊಂದು ಕಾರಣಕ್ಕೆ ಹತ್ತಿರದವನು. ಫ್ರಾನ್ಸಿನಲ್ಲಿ ಹಿಪ್ಪುನೇರಳೆ ನೆಟ್ಟು ರೇಷ್ಮೆ ಬೆಳೆಸಲು ನಾಲ್ಕನೇ ಹೆನ್ರಿ ರಾಜನನ್ನು ಒಪ್ಪಿಸಿದವನು ಇವನೇ. ಪ್ಯಾರಿಸಿನ ಅರಮನೆಯ ತೋಟದಲ್ಲಿ ಸಾವಿರಾರು ಹಿಪ್ಪುನೇರಳೆ ಸಸಿಗಳು ನೆಲೆಯೂರಿದ್ದು ಆಗ. ಅವನ ಗ್ರಂಥದ ಐದನೇ ಭಾಗದಲ್ಲಿ ಕೋಳಿಯೂ ಇದೆ, ಪಾರಿವಾಳವೂ ಇದೆ, ಜೇನೂ ಇದೆ, ರೇಷ್ಮೆಹುಳುವೂ ಇದೆ. ಅಲ್ಲಿ ರೇಷ್ಮೆಯ ಮಾತು ಬಂದಾಗ ಮೊಟ್ಟೆ ಆರಿಸುವುದು ಹೇಗೆ, ಕಾವು ಕೊಡುವುದು ಹೇಗೆ ಎಂದು ಬಾಣಂತಿಯ ಆರೈಕೆಯಂಥ ಜತನ. ಕೋಳಿಯ ಹುಳುವಿನ ಮಾತು ಬಂದಾಗ ಮಾತ್ರ ಕೊಳೆಸಿದರೆ ಸಾಕು, ಹುಟ್ಟುತ್ತವೆ. ಒಂದೇ ಪುಸ್ತಕದಲ್ಲಿ, ಒಂದೇ ಭಾಗದಲ್ಲಿ, ಒಂದು ಹುಳುವಿಗೆ ತಾಯಿಯಿದ್ದಾಳೆ, ಇನ್ನೊಂದಕ್ಕೆ ಇಲ್ಲ. ಪತಂಗ ಮನೆಯೊಳಗಿನದು, ಹಿಡಿದು ಕೂರಿಸಿದ ಕಡೆ ಮೊಟ್ಟೆಯಿಡುವಂಥದು. ನೊಣವನ್ನೋ, ಕಂಡರೆ ಅಟ್ಟುವುದೊಂದೇ ರೂಢಿ.

ಆ ನೊಣಕ್ಕೆ ತಾಯ್ತನ ಸಿಕ್ಕಿದ್ದು 1668ರಲ್ಲಿ. ಫ್ಲಾರೆನ್ಸಿನ ಮೆದಿಚಿ ದೊರೆಗಳ ವೈದ್ಯ ಫ್ರಾನ್ಚೆಸ್ಕೊ ರೆದಿ ಹಾವು, ನದಿಯ ಮೀನು, ಹಾವುಮೀನು, ಕರುವಿನ ಮಾಂಸಗಳನ್ನು ಅಗಲ ಬಾಯಿಯ ಸೀಸೆಗಳಲ್ಲಿಟ್ಟ. ಕೆಲವಕ್ಕೆ ಮುಚ್ಚಳ ಬಿಗಿದ, ಕೆಲವನ್ನು ತೆರೆದಿಟ್ಟ. ತೆರೆದವುಗಳಲ್ಲಿ ನೊಣ ಹೋಗಿಬಂದು ಮಾಡಿ ಹುಳುವಾಯಿತು, ಮುಚ್ಚಿದವುಗಳಲ್ಲಿ ಮಾಂಸ ನಾರಿತೇ ಹೊರತು ಒಂದು ಹುಳುವೂ ಕಾಣಲಿಲ್ಲ. ಗಾಳಿಯಾಡದ್ದಕ್ಕೆ ಹೀಗಾಯಿತು ಎನ್ನುವವರಿಗಾಗಿ ಮತ್ತೊಂದು ಸುತ್ತು ನಡೆಸಿದ. ಈ ಸಲ ಸೀಸೆಯ ಬಾಯಿಗೆ ತೆಳು ಬಟ್ಟೆ ಕಟ್ಟಿದ. ವಾಸನೆ ಹಿಡಿದು ಬಂದ ನೊಣಗಳು ಬಟ್ಟೆಯ ಮೇಲೆಯೇ ಮೊಟ್ಟೆಯಿಟ್ಟವು. ಮಾಂಸಕ್ಕೆ ಹುಳು ಬೀಳಲಿಲ್ಲ. ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಇದನ್ನು ಜೀವದ ಹುಟ್ಟಿನ ಪ್ರಶ್ನೆಯಾಗಿ ಕಲಿಸುತ್ತಾರೆ. ಕೋಳಿ ಸಾಕುವವರ ಕಡೆಯಿಂದ ನೋಡಿದರೆ ಅದು ಬಿತ್ತನೆ ಬೀಜ ಎಲ್ಲಿಂದ ಬರುತ್ತದೆಂಬುದು ಗೊತ್ತಾದ ದಿನ.

ಗೊತ್ತಾಗಿಯೂ ಬಿತ್ತಲು ಯಾರೂ ಮುಂದಾಗಲಿಲ್ಲ. ನೊಣ ಹೇಗೂ ಬರುತ್ತಿತ್ತು. ಬಂದದ್ದನ್ನು ಬೆಳೆಸಿಕೊಂಡರೆ ಸಾಕಿತ್ತು.

ಪಶ್ಚಿಮ ಆಫ್ರಿಕಾದ ರೈತರು ಬೇರೆ ದಾರಿ ಹಿಡಿದಿದ್ದರು. ಬುರ್ಕಿನಾ ಫಾಸೊ, ಟೋಗೊ, ಬೆನಿನ್, ಘಾನಾಗಳಲ್ಲಿ ಮರಿಕೋಳಿ, ಗಿನಿಕೋಳಿಗಳಿಗೆ ಗೆದ್ದಲು ಹಿಡಿಯುವ ರೂಢಿ ಇಂದಿಗೂ ಇದೆ. ಹಳೆಯ ಮಡಕೆಗೋ ಸೋರೆಬುರುಡೆಗೋ ಒಣಸಗಣಿ, ಜೋಳ ಸಜ್ಜೆಯ ದಂಟಿನ ಚೂರು ತುಂಬಿ ನೀರು ಚಿಮುಕಿಸುತ್ತಾರೆ. ಗೆದ್ದಲು ಓಡಾಡುವ ತೂತಿನ ಮೇಲೆ ಅದನ್ನು ಬೋರಲು ಹಾಕುತ್ತಾರೆ. ಮಾರನೆಯ ದಿನ ಬಿಸಿಲು ಏರುವ ಮೊದಲು ಎತ್ತಿ ತಂದು ಮರಿಗಳ ಮುಂದೆ ಕೊಡವಿದರೆ ಆಯಿತು. ಯಾವ ಗೆದ್ದಲು ಮರಿಗೆ ಒಗ್ಗುತ್ತದೆ, ಯಾವುದು ಒಗ್ಗದು ಎಂಬುದು ಅಲ್ಲಿನವರಿಗೆ ಬಾಯಿಪಾಠ. ಗೆದ್ದಲು ಹಿಡಿದ ಮಣ್ಣಿನ ಹೆಂಟೆ ತಂದು ಮರಿಗಳೆದುರು ಒಡೆಯುವುದನ್ನು ನಮ್ಮ ಹಳ್ಳಿಗಳ ಹಿರಿಯರೂ ಬಲ್ಲರು. ಆದರೆ ಸಗಣಿಯ ಆಸೆ ತೋರಿಸಿ ಮಡಕೆಯೊಳಗೆ ಬರಮಾಡಿಕೊಳ್ಳುವ ಜಾಣತನ ಆಫ್ರಿಕನ್ನರದು.

ರೇಷ್ಮೆಯ ನಾಡುಗಳು ಹಿಡಿದದ್ದು ಮತ್ತೊಂದು ಹಾದಿ. ಚೀನಾದ ಹುಝೌ ಸೀಮೆಯಲ್ಲೂ ದಕ್ಷಿಣದ ಮುತ್ತಿನ ನದಿಯ ಮುಖಜ ಭೂಮಿಯಲ್ಲೂ ಮೀನುಕೊಳದ ಏರಿಯ ಮೇಲೆ ಹಿಪ್ಪುನೇರಳೆ ಬೆಳೆದರು. ಸೊಪ್ಪು ಹುಳುವಿಗೆ, ಹುಳುವಿನ ಹಿಕ್ಕೆ ಮತ್ತು ನೂಲು ಬಿಚ್ಚಿದ ಮೇಲಿನ ಕೋಶ ಮೀನಿಗೆ, ಕೊಳದ ತಳದ ಕೆಸರು ಮರಳಿ ಮರದ ಬುಡಕ್ಕೆ. ಹುಝೌವಿನ ಈ ಪದ್ಧತಿಯನ್ನು 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟಗಳ ನೂಲು ಬಿಚ್ಚುವ ಬೀದಿಗಳಲ್ಲಿ ನಡೆದವರಿಗೆ ಆ ಕೋಶದ ವಾಸನೆಯನ್ನು ವಿವರಿಸಿ ಹೇಳಬೇಕಿಲ್ಲ. ಹಸಿಗೂಡಿನ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಒಳಗಿನ ಹುಳುವಿನದೇ. ಬಿಸಿನೀರಿನ ತೊಟ್ಟಿಯಲ್ಲಿ ಎಳೆ ಮುಗಿದು ಬರಿಮೈಯಾಗಿ ಉಳಿದ ಕಂದು ಕೋಶಗಳನ್ನು ಗೋರಿ ತೆಗೆದು ಬಿಸಿಲಿಗೆ ಹರವುತ್ತಾರೆ. ಕೊಂಡವರು ಎಣ್ಣೆ ತೆಗೆಯುತ್ತಾರೆ, ಹಿಂಡಿ ಕೋಳಿ, ಮೀನಿನ ಮೇವಿಗೆ ಸೇರುತ್ತದೆ. ಸೀರೆಯ ಹೊಳಪನ್ನು ಕೊಂಡಾಡುವ ನಾವು ಈ ಕಂದು ರಾಶಿಯ ಬಗ್ಗೆ ಬರೆದದ್ದು ಕಡಿಮೆ. ಅದು ತಪ್ಪು. ಕೀಟದಿಂದ ಪಶುಮೇವು ಎಂಬ ಕಸುಬು ಕರ್ನಾಟಕದಲ್ಲಿ ಬೇರು ಬಿಟ್ಟಿರುವುದು ಅಲ್ಲೇ.

ತಿಪ್ಪೆಯ ಹುಳುವಿನ ಕಡೆ ಪ್ರಯೋಗಶಾಲೆಗಳು ತಿರುಗಿದ್ದು 20ನೇ ಶತಮಾನದಲ್ಲಿ. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಕೊಬ್ಬಿನ ಬರ ಇದ್ದಾಗ, 1919ರಲ್ಲಿ, ಪಾಲ್ ಲಿಂಡ್ನರ್ ಎಂಬ ವಿಜ್ಞಾನಿ ನೊಣದ ಹುಳುಗಳಿಗೆ ಕಸ ತಿನ್ನಿಸಿ ಕೊಬ್ಬು ಪಡೆಯಬಹುದೆಂದು ಬರೆದ. 1969ರಲ್ಲಿ ಅಮೆರಿಕದ ಸಂಶೋಧಕರು ಕೋಳಿಯ ಹಿಕ್ಕೆಯಲ್ಲೇ ಮನೆನೊಣದ ಹುಳು ಬೆಳೆಸಿ ಅದರ ಕೋಶಗಳನ್ನು ಮರಿಗಳಿಗೆ ಉಣಿಸಿ ನೋಡಿದರು. ಮರಿಗಳು ಬೆಳೆದವು. ತೊಡಕಿದ್ದದ್ದು ತಾಯಿಯಲ್ಲಿ. ಮನೆನೊಣ ಹೇಸಿಗೆಯ ಮೇಲೆ ಕೂತ ಕಾಲಲ್ಲೇ ಅನ್ನದ ಮೇಲೆ ಕೂರುವ ಜೀವ. ಅದನ್ನು ಲಕ್ಷಗಟ್ಟಲೆ ಸಾಕುತ್ತೇನೆಂದರೆ ಯಾವ ಊರು ಒಪ್ಪೀತು?

ಒಪ್ಪಬಹುದಾದ ತಾಯಿ ಬೇರೆಯೇ ಇದ್ದಳು. ಅಮೆರಿಕ ಖಂಡಗಳ ಬೆಚ್ಚನೆಯ ಸೀಮೆಯ ಕಪ್ಪು ನೊಣವೊಂದಕ್ಕೆ ಲಿನಿಯಸ್ 1758ರಲ್ಲೇ ಹೆಸರಿಟ್ಟಿದ್ದ. ಇಂದು ಅದು ಹರ್ಮೇಶಿಯ ಇಲ್ಯುಸೆನ್ಸ್, ಬಳಕೆಯ ಮಾತಿನಲ್ಲಿ ಬ್ಲ್ಯಾಕ್ ಸೋಲ್ಜರ್ ಫ್ಲೈ, ಕನ್ನಡದಲ್ಲಿ ಕಪ್ಪು ಸೈನಿಕ ನೊಣ. ಹಡಗು, ಸರಕಿನ ಜೊತೆ ಅದು ಲೋಕದ ಬಿಸಿನಾಡುಗಳಿಗೆಲ್ಲ ಹರಡಿತು. ನೋಡಲು ಕಣಜದಂತಿದ್ದರೂ ಕುಟುಕುವುದಿಲ್ಲ, ಕಚ್ಚುವುದಿಲ್ಲ. ಹೊಟ್ಟೆಯ ಬುಡದಲ್ಲಿ ಬೆಳಕು ಹಾಯುವ ಎರಡು ಕಿಟಕಿಗಳಂಥ ಜಾಗಗಳಿವೆ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೇ ನೊಣದ ಒಂದೆರಡು ವಾರದ ಬಾಳು ಬಹುಮಟ್ಟಿಗೆ ಸಾಗುತ್ತದೆ. ಹಾಗಾಗಿ ಅದು ನಮ್ಮ ತಟ್ಟೆಯ ಹಂಗಿಗೆ ಬರುವುದಿಲ್ಲ. ಮೊಟ್ಟೆಯನ್ನೂ ಕೊಳೆತದ್ದರ ಮೇಲೆ ಇಡುವುದಿಲ್ಲ, ಹತ್ತಿರದ ಒಣ ಬಿರುಕಿನಲ್ಲಿ ಇಡುತ್ತದೆ. ಮೊಟ್ಟೆಯೊಡೆದ ಮರಿ ತಾನೇ ಕೆಳಗಿಳಿದು ಉಣ್ಣತೊಡಗುತ್ತದೆ. 1959ರಲ್ಲಿ ‘ಜರ್ನಲ್ ಆಫ್ ಎಕನಾಮಿಕ್ ಎಂಟಮಾಲಜಿ’ ಪತ್ರಿಕೆಯಲ್ಲಿ ಬಂದ ವರದಿಯೊಂದು ಇನ್ನೊಂದು ಸಂಗತಿ ಹೇಳಿತ್ತು. ಈ ಹುಳುಗಳು ತುಂಬಿದ ಕಡೆ ಮನೆನೊಣದ ಸಂತಾನ ಏಳುವುದಿಲ್ಲ. ನೊಣದಿಂದಲೇ ನೊಣದ ಕಾಟ ತಪ್ಪುವುದು ರೈತರ ಕಿವಿಗೆ ಹಿತವಾದ ಸುದ್ದಿ.

1972-73ರ ಹೊತ್ತಿಗೆ ಪೆರು ದೇಶದ ಕರಾವಳಿಯಲ್ಲಿ, ಮಿತಿಮೀರಿದ ಬೇಟೆಯ ಮೇಲೆ ಎಲ್ ನಿನ್ಯೋ ಬಿಸಿನೀರೂ ಸೇರಿ, ಬೂತಾಯಿಯ ದಾಯಾದಿಯಂಥ ಅಂಚೊವೆಟಾ ಮೀನಿನ ಇಳುವರಿ ಕುಸಿಯಿತು. ಲೋಕದ ಮೀನುಹಿಟ್ಟಿನ ದೊಡ್ಡ ಪಾಲು ಬರುತ್ತಿದ್ದದ್ದು ಅಲ್ಲಿಂದ. ಕೋಳಿಮೇವು ದುಬಾರಿಯಾಯಿತು. 1973ರಲ್ಲೇ ಅಮೆರಿಕದ ಜಾರ್ಜಿಯಾದಲ್ಲಿ ಹೇಲ್ ಎಂಬ ಸಂಶೋಧಕ ಒಣಗಿಸಿದ ಸೈನಿಕ ನೊಣದ ಹುಳುವನ್ನು ಕೋಳಿಮೇವಿಗೆ ಬೆರೆಸಿದ ಫಲವನ್ನು ಪ್ರಕಟಿಸಿದ. 1977ರಲ್ಲಿ ಹಂದಿಗಳಿಗೆ, 1980ರ ದಶಕದಲ್ಲಿ ಸಾಕುಮೀನುಗಳಿಗೆ ಅದೇ ಹುಳುವಿನ ಪರೀಕ್ಷೆ ನಡೆಯಿತು.

ಜಾರ್ಜಿಯಾದ ಟಿಫ್ಟನ್ ಊರಿನ ಸಂಶೋಧನಾ ಕೇಂದ್ರದಲ್ಲಿ ಕ್ರೇಗ್ ಶೆಪರ್ಡ್ ದಶಕಗಳ ಕಾಲ ಈ ಹುಳುವಿನ ಹಿಂದೆ ಬಿದ್ದ. ಮೊಟ್ಟೆಕೋಳಿಗಳ ಪಂಜರದ ಕೆಳಗೆ ಹಿಕ್ಕೆ ಬೀಳುವ ತೊಟ್ಟಿ. ಅದರಲ್ಲಿ ಹುಳು. ರೇಷ್ಮೆಹುಳು ಹಣ್ಣಾದಾಗ ಸೊಪ್ಪು ಬಿಟ್ಟು ತಲೆಯೆತ್ತಿ ಮೇಲೇರಲು ಜಾಗ ಹುಡುಕುವುದನ್ನು, ಬೆಳೆಗಾರ ಅದನ್ನು ಆರಿಸಿ ಚಂದ್ರಿಕೆಗೆ ಬಿಡುವುದನ್ನು ಕಂಡವರಿಗೆ ಮುಂದಿನದು ಸುಲಭವಾಗಿ ಅರ್ಥವಾದೀತು. ಸೈನಿಕ ನೊಣದ ಹುಳುವೂ ಹಾಗೆಯೇ ಹಣ್ಣಾಗುತ್ತದೆ. ಬೆಳ್ಳಗಿದ್ದ ಮೈ ಕಪ್ಪಾಗುತ್ತದೆ, ಉಣ್ಣುವುದು ನಿಲ್ಲುತ್ತದೆ, ಒಣ ಜಾಗ ಅರಸಿ ತೆವಳತೊಡಗುತ್ತದೆ. ಶೆಪರ್ಡ್ ತೊಟ್ಟಿಯ ಒಂದು ಗೋಡೆಯನ್ನು ಇಳಿಜಾರಾಗಿ ಕಟ್ಟಿಸಿ, ಅದರ ತುದಿಗೆ ಸೀಳಿದ ಕೊಳವೆ ಇಡಿಸಿದ. ಹಣ್ಣಾದ ಹುಳುಗಳು ಸಾಲುಗಟ್ಟಿ ಏರಿಬಂದು ತಾವೇ ಪಾತ್ರೆಗೆ ಬೀಳುತ್ತಿದ್ದವು. ಒಲಿವಿಯೇಯ ಗುಂಡಿಯ ಬಾಯಲ್ಲಿ ಸಲಿಕೆ ಹಿಡಿದು ನಿಂತಿದ್ದ ಆಳಿಗೆ ಇಲ್ಲಿ ಕೆಲಸವಿರಲಿಲ್ಲ. 1994ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಹಿಕ್ಕೆಯ ರಾಶಿ ಅರ್ಧಕ್ಕೆ ಇಳಿದಿತ್ತು. ಸಿಕ್ಕ ಹುಳುವಿನ ಒಣತೂಕದಲ್ಲಿ ಶೇ 42 ಪ್ರೋಟೀನ್, ಶೇ 35 ಕೊಬ್ಬು.

ಇಷ್ಟಾದರೂ ಮಾರುಕಟ್ಟೆಯ ಬಾಗಿಲು ತೆರೆಯಲಿಲ್ಲ. ಬ್ರಿಟನ್ನಿನಲ್ಲಿ ದನಗಳಿಗೆ ಹುಚ್ಚುರೋಗ ಹರಡಿ, ಸತ್ತ ಪ್ರಾಣಿಗಳ ಮೂಳೆಮಾಂಸದ ಹಿಟ್ಟನ್ನು ಮೇವಿಗೆ ಬೆರೆಸಿದ್ದೇ ಕಾರಣವೆಂದು ತಿಳಿದ ಮೇಲೆ, ಯುರೋಪಿಯನ್ ಒಕ್ಕೂಟ 2001ರಲ್ಲಿ ಸಾಕುಪ್ರಾಣಿಗಳ ಮೇವಿಗೆ ಪ್ರಾಣಿಮೂಲದ ಪ್ರೋಟೀನನ್ನೇ ನಿಷೇಧಿಸಿತು. ಕೀಟವೂ ಪ್ರಾಣಿಯೇ ಎಂಬ ಲೆಕ್ಕದಲ್ಲಿ ಹುಳು ಆ ಬಲೆಗೆ ಸಿಕ್ಕಿಕೊಂಡಿತು. 2013ರಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ ಕೀಟಗಳನ್ನು ಆಹಾರ, ಮೇವುಗಳಾಗಿ ಬಳಸುವ ಬಗ್ಗೆ ದೊಡ್ಡ ವರದಿ ತಂದ ಮೇಲೆ ಗಾಳಿ ತಿರುಗಿತು. 2017ರ ಜುಲೈಯಿಂದ ಸಾಕುಮೀನಿಗೆ, 2021ರ ಸೆಪ್ಟೆಂಬರಿನಿಂದ ಕೋಳಿ, ಹಂದಿಗಳಿಗೆ ಕೀಟದ ಹಿಟ್ಟು ಕೊಡಲು ಅಲ್ಲಿ ಅನುಮತಿ ಸಿಕ್ಕಿತು. ಆದರೆ ಹುಳುವಿಗೆ ಲದ್ದಿ, ಹಿಕ್ಕೆ ತಿನ್ನಿಸುವುದು ಅಲ್ಲಿ ಇಂದಿಗೂ ಅಪರಾಧ. ಒಲಿವಿಯೇಯ ಗುಂಡಿ ಅವನ ಸ್ವಂತ ನಾಡಿನಲ್ಲೇ ಕಾನೂನಿಗೆ ಹೊರಗಾಗಿದೆ. ಭಾರಿ ಬಂಡವಾಳ ಸುರಿದು ಕಾರ್ಖಾನೆ ಎಬ್ಬಿಸಿದ ಕೆಲವರು ಕೈಸುಟ್ಟುಕೊಂಡದ್ದೂ ಉಂಟು. ಅಗ್ಗದ ಕಸವನ್ನು ನೆಚ್ಚಿದ ಕಸುಬಿಗೆ ಒಳ್ಳೆಯ ಧಾನ್ಯದ ಉಳಿಕೆಯನ್ನೇ ಕೊಂಡು ಹಾಕಬೇಕಾಗಿ ಬಂದರೆ ಲೆಕ್ಕ ತಾಳೆಯಾಗುವುದು ಕಷ್ಟ.

ಕಾನೂನಿಗಿಂತ ಮೊದಲೇ ತೆರೆಯಬೇಕಿದ್ದ ಬಾಗಿಲು ಇನ್ನೊಂದಿತ್ತು. ಟಿಫ್ಟನ್ನಿನ ತೊಟ್ಟಿಗೆ ಮೊಟ್ಟೆಯಿಡಲು ಬರುತ್ತಿದ್ದದ್ದು ಕಾಡಿನ ನೊಣ. ಚಳಿಗಾಲದಲ್ಲಿ ಅದು ಬರುತ್ತಿರಲಿಲ್ಲ, ಆಗ ಕೆಲಸವೂ ನಿಲ್ಲುತ್ತಿತ್ತು. ಜಿಯಾ ಸಿಷಿಯೆಯ ಎರಡನೇ ತಿಂಗಳಿನಂತೆಯೇ ಇದೂ ಋತುವಿನ ಅಧೀನ. ರೇಷ್ಮೆಯ ಪತಂಗ ಹಾರುವುದನ್ನೇ ಮರೆತಿದೆ. ತಟ್ಟೆಯಲ್ಲಿ ಗಂಡು ಹೆಣ್ಣು ಇಟ್ಟರೆ ಅಲ್ಲೇ ಜೋಡಿಯಾಗುತ್ತವೆ. ಈ ನೊಣ ಹಾಗಲ್ಲ. ಗಂಡಿಗೆ ಹಾರಲು ಆಕಾಶ ಬೇಕು, ಹೆಣ್ಣನ್ನು ಗಾಳಿಯಲ್ಲೇ ಹಿಡಿಯಬೇಕು, ಮೈಮೇಲೆ ಬಿಸಿಲು ಬೀಳಬೇಕು. ಕೋಣೆಯೊಳಗೆ ಕೂಡಿಹಾಕಿದರೆ ಜೋಡಿಯಾಗದೆ ಸಾಯುತ್ತವೆ.

2002ರಲ್ಲಿ ಶೆಪರ್ಡ್ ಮತ್ತು ಜೊತೆಗಾರರು ಪ್ರಕಟಿಸಿದ ಸಾಕಣೆಯ ವಿಧಾನ ಇದಕ್ಕೆ ಉತ್ತರವಾಯಿತು. ಗಾಜುಮನೆಯೊಳಗೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಬಲೆಯ ಪಂಜರ. ಒಳಗೆ ನೊಣಗಳು, ಕೆಳಗೆ ವಾಸನೆಗೆಂದು ಒಂದು ಡಬ್ಬಿ ತೇವದ ಮೇವು, ಅದರ ಅಂಚಿಗೆ ಅಂಟಿಸಿದ ಅಲೆಯಲೆಯಾದ ರಟ್ಟಿನ ತುಂಡುಗಳು. ಬಿಸಿಲು ಕಾದ ದಿನ ಜೋಡಿಯಾದ ಹೆಣ್ಣು ಒಂದೆರಡು ದಿನದಲ್ಲಿ ರಟ್ಟಿನ ಸಂದಿಗೆ ಹಿಂಬದಿ ತೂರಿಸಿ ನೂರಾರು ಮೊಟ್ಟೆಗಳನ್ನು ಒಂದೇ ಗೊಂಚಲಾಗಿ ಇಡುತ್ತಾಳೆ. ಮೋಡ ಕವಿದ ದಿನ ಅಲ್ಲೂ ರಜೆ.

ಆ ಮೋಡವನ್ನೂ ದಾಟಿದವರು ಚೀನಾದ ವುಹಾನಿನ ಕೃಷಿ ವಿಶ್ವವಿದ್ಯಾಲಯದವರು. ಬೇರೆ ಬೇರೆ ದೀಪಗಳ ಕೆಳಗೆ ನೊಣಗಳನ್ನಿಟ್ಟು ನೋಡಿದರು. ಒಂದು ಬಗೆಯ ದೀಪದ ಕೆಳಗೆ ಒಂದು ಜೋಡಿಯೂ ಆಗಲಿಲ್ಲ. 500 ವ್ಯಾಟಿನ ಕ್ವಾರ್ಟ್ಜ್ ಅಯೋಡಿನ್ ದೀಪ ಹಚ್ಚಿದಾಗ ಬಿಸಿಲಿನಲ್ಲಿ ಆಗುವುದರ ಸುಮಾರು ಶೇ 61ರಷ್ಟು ಜೋಡಿಗಳು ಆದವು. 2010ರಲ್ಲಿ ಈ ಫಲಿತಾಂಶ ಅಚ್ಚಾಯಿತು. ಗಂಜಿ ಚೆಲ್ಲಿ ಹುಲ್ಲು ಹೊದಿಸಿ, ಬಿಳಿ ಹುಳು ತಾವಾಗಿ ಹುಟ್ಟುವುದನ್ನು ಕಾಯುತ್ತಿದ್ದ ನಾಡಿನಲ್ಲಿ ಈಗ ಹೊರಗೆ ಚಳಿ ಮೋಡವಿದ್ದರೂ ಒಳಗೆ ದೀಪ ಹತ್ತುತ್ತದೆ, ನೊಣಗಳು ಏಳುತ್ತವೆ. ಇಂದು ಇಂಥ ಸಾಕಣೆಯ ಮನೆಗಳಲ್ಲಿ ರಬ್ಬರ್ ಬ್ಯಾಂಡು ಬಿಗಿದ ಮರದ ಪಟ್ಟಿಗಳ ಸಂದಿಯಿಂದ ಕೆನೆಬಣ್ಣದ ಮೊಟ್ಟೆಯನ್ನು ಚಾಕುವಿನ ತುದಿಯಲ್ಲಿ ಹೆರೆದು ತಕ್ಕಡಿಗೆ ಹಾಕುತ್ತಾರೆ. ಒಂದು ಗ್ರಾಂ ತೂಗಿದರೆ ಅದರಲ್ಲಿ 35 ಸಾವಿರಕ್ಕೂ ಹೆಚ್ಚು ಹುಳುಗಳ ಬೀಜವಿರುತ್ತದೆ. ಹಣ್ಣಾದ ಹುಳುಗಳಲ್ಲಿ ಬಹುಪಾಲು ಕೋಳಿಗೆ, ಮೀನಿಗೆ ಹೋಗುತ್ತವೆ. ಸಣ್ಣ ಪಾಲೊಂದನ್ನು ತೆಗೆದು ಕತ್ತಲೆಯ ಪೆಟ್ಟಿಗೆಯಲ್ಲಿ ಬೇರೆ ಇಡುತ್ತಾರೆ. ಮುಂದಿನ ಬಾರಿ ರಟ್ಟಿನ ಸಂದಿಗೆ ಬರಬೇಕಾದವರು ಅವರು.